ಎಆರ್ ಪ್ರಾಜೆಕ್ಟಾ? ಮೊದಲು ಲಾಲ್‌ಬಾಗ್‌ಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಎಆರ್ ಅಂದರೆ ಫೋನ್ ಕ್ಯಾಮೆರಾದಲ್ಲಿ ಕಾಣೋ ನಿಜವಾದ ಜಾಗದ ಮೇಲೆ, ಇಲ್ಲದ ವಸ್ತುವನ್ನ ಇಟ್ಟ ಹಾಗೆ ತೋರಿಸೋ ತಂತ್ರ. ಎಆರ್ ಪ್ರಾಜೆಕ್ಟ್ ಅಂದ ತಕ್ಷಣ ಡಿಸೈನ್ ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ತೆಗೆದು ಯೂನಿಟಿ ಅನ್ನೋ ಆ್ಯಪ್ ಕಟ್ಟೋ ಸಾಫ್ಟ್‌ವೇರ್ ಓಪನ್ ಮಾಡ್ತಾರೆ. ನನ್ನ ಪ್ರಕಾರ ಅದು ಎರಡನೇ ವಾರದ ಕೆಲಸ. ಮೊದಲನೇ ವಾರ, ಬೇರೆಯವರು ಮಾಡಿರೋ ಎಆರ್ ಆ್ಯಪ್‌ಗಳನ್ನ ನಿಮ್ಮ ಪ್ರಾಜೆಕ್ಟ್ ಎಲ್ಲಿ ನಡೀಬೇಕೋ ಅದೇ ಜಾಗಕ್ಕೆ ತಗೊಂಡು ಹೋಗಿ, ಎಲ್ಲಿ ಕೆಡುತ್ತೆ ಅಂತ ಹುಡುಕಿ.

ಲಾಲ್‌ಬಾಗನ್ನೇ ತಗೊಳ್ಳಿ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಮೈತುಂಬ ಪಟ್ಟೆ, ಚುಕ್ಕೆ. ಫೋನ್ ನೆಲವನ್ನ ಗುರುತು ಹಿಡಿಯೋದು ಇಂಥ ಚುಕ್ಕೆಗಳಿಂದಲೇ. ಅದಕ್ಕೇ ಆ್ಯಪ್‌ನಲ್ಲಿ ಅಲ್ಲಿ ಇಟ್ಟ ವಸ್ತು ಜಾಗ ಬಿಡದೆ ಚೆನ್ನಾಗಿ ನಿಲ್ಲುತ್ತೆ. ಗಾಜಿನ ಮನೆ ಪಕ್ಕ ಹೋದರೆ ಪ್ರತಿಬಿಂಬ, ಮರದ ಕೆಳಗೆ ಅಲ್ಲಾಡೋ ಎಲೆ ನೆರಳು. ಎರಡೂ ಫೋನಿನ ಲೆಕ್ಕ ತಪ್ಪಿಸುತ್ತವೆ. ಕಾಲೇಜಿನ ಪಾಲಿಶ್ ಮಾಡಿದ ನೆಲವೂ ಅಷ್ಟೇ. ಮಧ್ಯಾಹ್ನದ ಬಿಸಿಲಲ್ಲಿ ಫೋನ್ ಕಾದು, ಸ್ಕ್ರೀನ್ ತಾನೇ ಮಂಕಾಗುತ್ತೆ. ಹಾಗಾಗಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೋಡಿ.

ಅಳೆಯೋದು ಸುಲಭ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಗುರುತು ಹಾಕಿ, ಆ್ಯಪ್‌ನಲ್ಲಿ ಅದರ ಮೇಲೆ ವಸ್ತು ಇಡಿ. ಸುತ್ತ 10 ಮೀಟರ್ ನಡೆದು ವಾಪಸ್ ಬನ್ನಿ. ಎಷ್ಟು ಸರಿದಿದೆ ಅಂತ ಟೇಪ್ ಹಿಡಿದು ಬರ್ಕೊಳ್ಳಿ. 15 ಸೆಂಟಿಮೀಟರ್ ಸರಿದರೆ ಫೋನಲ್ಲಿ ಕಾಣೋ ದೊಡ್ಡ ಮರದ ಹೆಸರಿನ ಫಲಕಕ್ಕೆ ಏನೂ ಆಗಲ್ಲ, ಆದರೆ ಹೂಕುಂಡದ ಫಲಕ ಪಕ್ಕದ ಗಿಡದ ಹೆಸರು ಹೇಳುತ್ತೆ. ಲೈಡಾರ್ (ಬೆಳಕಿನಿಂದ ದೂರ ಅಳೆಯೋ ಸೆನ್ಸರ್) ಇರೋ ದುಬಾರಿ ಐಫೋನ್ ಒಂದರಲ್ಲೇ ಪರೀಕ್ಷೆ ಮಾಡಿದರೆ ಇದು ಗೊತ್ತೇ ಆಗಲ್ಲ. ಕಡಿಮೆ ಬೆಲೆಯ ಆಂಡ್ರಾಯ್ಡ್ ಜೊತೆಗಿರಲಿ.

ಚಿತ್ರ ಸ್ಕ್ಯಾನ್ ಮಾಡಿಸೋ ಯೋಚನೆ ಇದ್ದರೆ, ರಂಗೋಲಿಯನ್ನ ಮಾರ್ಕರ್ (ಫೋನ್ ಗುರುತು ಹಿಡಿಯಬೇಕಾದ ಚಿತ್ರ) ಮಾಡಬೇಡಿ. ಒಂದೇ ಆಕಾರ ಮತ್ತೆ ಮತ್ತೆ ಬಂದರೆ ಫೋನ್ ಗೊಂದಲಕ್ಕೆ ಬೀಳುತ್ತೆ. ಗೂಗಲ್‌ನ ಎಆರ್ ಸಾಫ್ಟ್‌ವೇರ್ ಎಆರ್‌ಕೋರ್ ಜೊತೆ ಬರೋ ಟೂಲ್ ಚಿತ್ರಕ್ಕೆ 100ಕ್ಕೆ ಅಂಕ ಕೊಡುತ್ತೆ, 75ಕ್ಕಿಂತ ಕಡಿಮೆ ಬಂದರೆ ಚಿತ್ರ ಬದಲಿಸಿ. ಮೊದಲ ಸಲ ಗುರುತು ಹಿಡಿಯೋಕೆ ಚಿತ್ರ ಕ್ಯಾಮೆರಾ ಚೌಕಟ್ಟಿನ ಕಾಲು ಭಾಗ ತುಂಬಬೇಕು. 15 ಸೆಂಟಿಮೀಟರ್ ಚಿತ್ರ ಅಂಟಿಸಿದರೆ ಜನ ಹೆಚ್ಚುಕಮ್ಮಿ ಒಂದಡಿ ಹತ್ತಿರ ಬರಬೇಕಾಗುತ್ತೆ, ಹಿಂದೆ ಸಾಲು ನಿಲ್ಲುತ್ತೆ. ಹೊಳೆಯೋ ಲ್ಯಾಮಿನೇಶನ್ ಬೇಡ, ಮ್ಯಾಟ್ ಇರಲಿ.

ಎಲ್ಲಕ್ಕಿಂತ ಕಡಿಮೆ ಪರೀಕ್ಷೆ ಆಗೋದು ಆ್ಯಪ್ ಬಳಸೋರಿಗೆ ಕೊಡೋ ಸೂಚನೆಯ ಭಾಷೆ. ಇದು ನಿಜಕ್ಕೂ ಬೇಸರದ ವಿಷಯ, ಯಾಕಂದ್ರೆ ಇದಕ್ಕೆ ಕೋಡ್ ಕೂಡ ಬೇಡ. 'ಫೋನ್ ಅಲ್ಲಾಡಿಸಿ' ಅಂತ ಬರೆದರೆ ಜನ ಜೋರಾಗಿ ಅಲ್ಲಾಡಿಸ್ತಾರೆ, ಚಿತ್ರ ಮಸುಕಾಗುತ್ತೆ. 'ತಿರುಗಿಸಿ' ಅಂದರೆ ನಿಂತಲ್ಲೇ ತಿರುಗಿಸ್ತಾರೆ. ಜಾಗ ಬದಲಾಗದೆ ಫೋನಿಗೆ ಆಳ, ಅಂದರೆ ಯಾವುದು ಎಷ್ಟು ದೂರ ಅನ್ನೋದು, ಸಿಗಲ್ಲ. 'ನೆಲದ ಕಡೆ ಹಿಡಿದು, ಪಕ್ಕಕ್ಕೆ ನಿಧಾನವಾಗಿ ಎರಡು ಹೆಜ್ಜೆ ನಡೆಯಿರಿ' ಅಂತ ಬರೆದು ನೋಡಿ. ಐದು ಜನರ ಕೈಗೆ ಕೊಡಿ, ಅವರಲ್ಲಿ ಒಬ್ಬರಾದರೂ ಕನ್ನಡ ಮಾತ್ರ ಓದೋ ಹಿರಿಯರಿರಲಿ. ನೀವು ಬಾಯಿ ಬಿಡಬೇಡಿ. ಆ್ಯಪ್ ತೆರೆದಾಗಿಂದ ಮೊದಲ ವಸ್ತು ಕಾಣೋವರೆಗೆ ಎಷ್ಟು ಸೆಕೆಂಡ್ ಆಯ್ತು, ಎಲ್ಲಿ ಕೈ ನಿಂತಿತು, ಅದನ್ನ ಬರ್ಕೊಳ್ಳಿ.

ಬಂಡೆ ಮೇಲೆ ಈ ಪರೀಕ್ಷೆ ಮಾಡಿಸುವಾಗ ಪಕ್ಕದಲ್ಲಿ ಒಬ್ಬರು ನಡೀತಾ ಇರಲೇಬೇಕು. ಕಣ್ಣು ಸ್ಕ್ರೀನ್ ಮೇಲಿರುತ್ತೆ, ಕಾಲ ಕೆಳಗೆ ಇಳಿಜಾರು.