ಗೂಡಿನ ಲೆಕ್ಕ ಚಳಿಗಾಲದಲ್ಲೇ ಶುರು

ಈ ವಿಡಿಯೋದಲ್ಲಿ ಎಡಗಡೆಯ ರೆಂಬೆಯನ್ನು ನೋಡುತ್ತಿರಿ. ಎಲೆಯ ಬಣ್ಣದ್ದೇ ಮೈ, ಕಣ್ಣಿನ ಮೇಲೆ ತಿಳಿಹಳದಿ ಹುಬ್ಬು. ಎಲೆ ಉಲಿಯಕ್ಕಿ, ಗ್ರೀನಿಶ್ ವಾರ್ಬ್ಲರ್. ಹತ್ತು ಗ್ರಾಂ ಕೂಡ ತೂಗುವುದಿಲ್ಲ, ಒಂದು ಕಡೆ ನಿಲ್ಲುವುದೂ ಇಲ್ಲ. ಇಂಥ ಹಕ್ಕಿಗಳು ಚಳಿಗಾಲದಲ್ಲಿ ದಕ್ಷಿಣಕ್ಕೆ ಬರುವುದು ಬರೀ ಹೊಟ್ಟೆಪಾಡಿಗೆ, ಸಂಸಾರದ ಯೋಚನೆಯೆಲ್ಲ ಉತ್ತರಕ್ಕೆ ಮರಳಿದ ಮೇಲೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೂಡಿನ ತಯಾರಿ ಇಂಥ ರೆಂಬೆಗಳ ಮೇಲೇ ಶುರುವಾಗಿರುತ್ತದೆ.

ಮೊಟ್ಟೆ ಇಡಬೇಕಾದ ಕಾಡು ಸಾವಿರಾರು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಹಿಮ ಕರಗಿತೇ, ಮರ ಚಿಗುರಿತೇ, ಹುಳು ಹೊರಬಂದವೇ? ಆ ಸುದ್ದಿ ಇಲ್ಲಿಗೆ ಮುಟ್ಟುವುದೇ ಇಲ್ಲ. ಆದರೂ ಹೊರಡುವ ಹೊತ್ತು ಹಕ್ಕಿಗೆ ಗೊತ್ತು. ಜರ್ಮನಿಯ ಹಕ್ಕಿ ವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ 1960ರ ದಶಕದಲ್ಲಿ ವಿಲೋ ವಾರ್ಬ್ಲರ್ ಎಂಬ ವಲಸೆ ಹಕ್ಕಿಗಳನ್ನು ಋತುವೇ ತಿಳಿಯದ ಕೋಣೆಯಲ್ಲಿಟ್ಟರು. ವರ್ಷವಿಡೀ 12 ಗಂಟೆ ಬೆಳಕು, 12 ಗಂಟೆ ಕತ್ತಲೆ. ವಲಸೆಯ ಕಾಲ ಬಂದಾಗ ಅವು ರಾತ್ರಿಯೆಲ್ಲ ಚಡಪಡಿಸಿದವು, ಕಾಲಕ್ಕೆ ತಕ್ಕಂತೆ ಗರಿ ಬದಲಿಸಿದವು. ವರ್ಷದ ಲೆಕ್ಕ ಮೈಯೊಳಗೇ ಇದೆ! ಆದರೆ ಹೀಗೆ ಬಿಟ್ಟುಬಿಟ್ಟರೆ ಹಲವು ಹಕ್ಕಿಗಳ ಒಳಗಿನ ವರ್ಷ ಹನ್ನೆರಡು ತಿಂಗಳಿಗೆ ಸರಿಹೊಂದುವುದಿಲ್ಲ. ಅದನ್ನು ಸರಿದಾರಿಗೆ ತರುವುದು ಹಗಲಿನ ಉದ್ದ.

ಬೆಳಕನ್ನು ಅಳೆಯಲು ಕಣ್ಣೇ ಬೇಕೆಂದಿಲ್ಲ. ಬೆಳಕು ತಲೆಬುರುಡೆಯನ್ನು ದಾಟಿ ಮಿದುಳಿನ ಆಳದಲ್ಲಿರುವ, ಬೆಳಕನ್ನು ಗ್ರಹಿಸುವ ಕೋಶಗಳನ್ನು ಮುಟ್ಟುತ್ತದೆ. ಹಗಲು ಹಿಗ್ಗಿತೆಂದು ಅಲ್ಲಿ ತಿಳಿದರೆ ಹಾರ್ಮೋನುಗಳು ಎಚ್ಚರಗೊಳ್ಳುತ್ತವೆ, ಚಳಿಗಾಲದಲ್ಲಿ ಸಾಸಿವೆ ಕಾಳಿನಷ್ಟಕ್ಕೆ ಕುಗ್ಗಿದ್ದ ವೃಷಣ ನೂರಾರು ಪಟ್ಟು ಬೆಳೆಯುತ್ತದೆ. ಬೆಳವಣಿಗೆಯ ಬಹುಪಾಲು ಮುಗಿಯುವುದು ದಾರಿಯಲ್ಲಿ, ಆದರೆ ಚಾಲನೆ ಸಿಗುವುದು ಹೊರಡುವ ಮುನ್ನ.

ಈಗ ಕಾಣುತ್ತಿರುವುದು ಅದೇ ಮರ, ರಾತ್ರಿ. ಹೀಗೆ ಬೆಳಗಲು ನಾನು ಯಾವ ದೀಪವನ್ನೂ ತಂದಿಲ್ಲ. ಎದುರಿನ ಕಟ್ಟಡದವರು ಯಾರೂ ಓಡಾಡದ ಗೋಡೆಯನ್ನು ಬೆಳಗಲು ಒಂದು ಫ್ಲಡ್‌ಲೈಟ್ ಹಾಕಿದ್ದಾರೆ. ಅದರ ಮುಖ ಗೋಡೆಯ ಕಡೆಗಿಲ್ಲ, ನೆಲದ ಕಡೆಗಿಲ್ಲ, ನೇರವಾಗಿ ಈ ಕೊಂಬೆಗಳ ಕಡೆಗಿದೆ. ಸ್ವಲ್ಪ ಕೆಳಗೆ ತಿರುಗಿಸಿ ಎಂದು ಕೇಳಿದೆ. ಭದ್ರತೆ ಎಂದರು. ಎಲೆಗಳ ಭದ್ರತೆಯೇ? ನನಗೆ ಸಿಟ್ಟು ಬಂದಿದೆ, ಬರಲೇಬೇಕು. 1920ರ ದಶಕದಲ್ಲಿ ಕೆನಡಾದ ವಿಜ್ಞಾನಿ ವಿಲಿಯಂ ರೋವನ್ ಜುಂಕೊ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲಿ ಹೊರಗಿನ ಪಂಜರದಲ್ಲಿಟ್ಟು, ವಿದ್ಯುತ್ ದೀಪದಿಂದ ಹಗಲನ್ನು ದಿನವೂ ಕೆಲವು ನಿಮಿಷ ಹಿಗ್ಗಿಸುತ್ತ ಹೋದರು. ನಡುಚಳಿಗಾಲದಲ್ಲೇ ಅವುಗಳ ಸಂತಾನಾಂಗಗಳು ಬೆಳೆದವು. ಯುರೋಪಿನ ಬ್ಲ್ಯಾಕ್‌ಬರ್ಡ್‌ಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಾತ್ರಿಯ ಬೆಳಕು ಬರೀ 0.3 ಲಕ್ಸ್ ಇತ್ತು (ಲಕ್ಸ್ ಎಂದರೆ ಬೆಳಕಿನ ಅಳತೆ). ಅಷ್ಟಕ್ಕೇ ಅವು ಸುಮಾರು ಒಂದು ತಿಂಗಳು ಮೊದಲೇ ಸಂತಾನಕ್ಕೆ ಸಿದ್ಧವಾದವು. ಈ ಫ್ಲಡ್‌ಲೈಟಿನ ಮುಂದೆ 0.3 ಲಕ್ಸ್ ಯಾವ ಲೆಕ್ಕ? ದೀಪದ ಮುಖ ತಿರುಗಿಸಲು ಒಂದು ಸ್ಕ್ರೂ ಸಡಿಲಿಸಿದರೆ ಸಾಕು, ಖರ್ಚೂ ಇಲ್ಲ. ಇರಲಿ, ಮತ್ತೆ ಕೇಳುತ್ತೇನೆ. ಹಕ್ಕಿಗೆ ಬರೋಣ, ದೃಶ್ಯ ಬದಲಾಯಿತು.

ಬೆಳಕೇ ಸರ್ವಸ್ವ ಎಂದು ಹೇಳಿಬಿಡುವ ಆಸೆ ನನಗೆ. ಜಮೈಕಾದಲ್ಲಿ ಚಳಿಗಾಲ ಕಳೆಯುವ ಅಮೆರಿಕನ್ ರೆಡ್‌ಸ್ಟಾರ್ಟ್ ಎಂಬ ಹಕ್ಕಿ ಅದಕ್ಕೆ ಅಡ್ಡ ಬರುತ್ತದೆ. ಒಂದೇ ದ್ವೀಪ, ಒಂದೇ ಹಗಲು. ಆದರೂ ತೇವವಿರುವ ಮ್ಯಾಂಗ್ರೋವ್‌ನಲ್ಲಿ ಜಾಗ ಹಿಡಿದವು ಮೈತುಂಬಿಕೊಂಡು ಬೇಗ ಹೊರಡುತ್ತವೆ, ಒಣ ಕುರುಚಲಿನಲ್ಲಿ ಉಳಿದವು ಸೊರಗಿ ತಡವಾಗಿ ಹೊರಡುತ್ತವೆ. ಮಳೆ ಕಡಿಮೆಯಾದ ವರ್ಷ ಹುಳುಗಳೂ ಕಡಿಮೆ, ಪ್ರಯಾಣವೂ ತಡ. ಹಾಗಾಗಿ ಹೀಗೆನ್ನುತ್ತೇನೆ: ತಿಂಗಳನ್ನು ಗೊತ್ತುಮಾಡುವುದು ಬೆಳಕು, ಹೊರಡುವ ದಿನವನ್ನು ಗೊತ್ತುಮಾಡುವುದು ಹೊಟ್ಟೆ.

ನನ್ನ ನಿಜವಾದ ಆತಂಕ ಬೇರೆ. ಪಶ್ಚಿಮ ಆಫ್ರಿಕಾದಲ್ಲಿ ಚಳಿಗಾಲ ಕಳೆದು ನೆದರ್ಲೆಂಡ್ಸ್‌ಗೆ ಮರಳುವ ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕಗಳ ಕಥೆ ಕೇಳಿ. ಭೂಮಿ ಬಿಸಿಯಾಗಿ ಅಲ್ಲಿನ ವಸಂತ ಮುಂಚೆ ಬರತೊಡಗಿತು, ಕಂಬಳಿಹುಳುಗಳೂ ಮುಂಚೆ ಬಂದವು. ಆಫ್ರಿಕಾದ ಹಗಲಿಗೆ ಅದರ ಗೊಡವೆಯಿಲ್ಲ. ಹಕ್ಕಿಗಳು ಹಳೆಯ ಹೊತ್ತಿಗೇ ಬಂದು ಅವಸರದಲ್ಲಿ ಮೊಟ್ಟೆಯಿಟ್ಟರೂ ಮರಿಗಳ ಬಾಯಿಗೆ ಹುಳು ಸಾಲಲಿಲ್ಲ. ಹುಳುಗಳ ಕಾಲ ತೀರಾ ಮುಂಚೆ ಬಂದುಹೋಗುವ ಕಾಡುಗಳಲ್ಲಿ ಎರಡೇ ದಶಕಗಳಲ್ಲಿ ಅವುಗಳ ಸಂಖ್ಯೆ ಸುಮಾರು ಶೇಕಡ 90ರಷ್ಟು ಕುಸಿಯಿತು ಎಂದು 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಹಕ್ಕಿಯ ಗಡಿಯಾರ ಕೆಟ್ಟಿಲ್ಲ, ನಾವು ಋತುವನ್ನು ಕದಲಿಸಿದ್ದೇವೆ.

ಅಗೋ, ರೆಂಬೆಯಿಂದ ಹಾರಿತು. ಗರಿ ಬದಲಿಸುವ ವಿಚಾರ ಹೇಳುವುದು ಬಾಕಿ ಇದೆ, ಮುಂದಿನ ವಿಡಿಯೋದಲ್ಲಿ ಹೇಳುತ್ತೇನೆ.