ಹಸಿರು ಬಳೆ, ಹಸಿರು ಹಾಡು

ಗೋಳಗುಮ್ಮಟ ತೋರಿಸದೆ ವಿಜಯಪುರದಲ್ಲಿ ವ್ಲಾಗ್ ಮಾಡಿದರೆ ನೀವು ಸುಮ್ನೆ ಬಿಡಲ್ಲ, ಅದಕ್ಕೇ ಇಗೋ, ನಮ್ಮ ಮಾಳಿಗೆ ಮೇಲಿಂದ ಕಾಣೋದು ಇಷ್ಟು. ಮುಗೀತು. ಇವತ್ತಿನ ವಿಷಯ ಬೇರೆ.

ಶುಕ್ರವಾರ ಅಕ್ಕನ ಕುಬಸ, ಅಂದರೆ ಸೀಮಂತ. ನನಗೆ ಒಪ್ಪಿಸಿದ ಕೆಲಸ ಬಳೆ ತರೋದು, ಅದೂ ಹಸಿರು ಬಳೆಯೇ ಆಗಬೇಕು. ಬಳೆಗಾರರು ಡಜನ್ ಎಣಿಸುತ್ತಿದ್ದರು, ನನ್ನ ಕಿವಿಯಲ್ಲಿ ಜೋನಿ ಮಿಚೆಲ್ ಹಾಡುತ್ತಿದ್ದಳು. ಕೆನಡಾದವಳು, ತಾನೇ ಬರೆದು ತಾನೇ ಹಾಡುವವಳು. 1971ರ ಆಲ್ಬಮ್ 'ಬ್ಲೂ', ಅದರ ಮೂರನೇ ಹಾಡು 'ಲಿಟಲ್ ಗ್ರೀನ್'. ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ, ಆದರೆ ಹಸಿರು ಬಳೆ ಕೈಯಲ್ಲಿ ಹಿಡಿದುಕೊಂಡು ಕೇಳಿದ್ದು ಮೊದಲ ಸಲ.

ಈ ಆಲ್ಬಮ್ ಬಗ್ಗೆ ಮಾತು ಬಂದರೆ ಜಾಸ್ತಿ ಜನರದ್ದು ಒಂದೇ ಆಟ. ಈ ಹಾಡು ಗ್ರಹಾಂ ನ್ಯಾಶ್ ಬಗ್ಗೆಯಾ, ಆ ಹಾಡು ಜೇಮ್ಸ್ ಟೇಲರ್ ಬಗ್ಗೆಯಾ? ಎಲ್ಲರೂ ಪ್ರೇಮಿಗಳನ್ನೇ ಹುಡುಕುತ್ತಾ ಹೋದರು, ಹಾಡಿನ ನಡುವೆ ಮಲಗಿದ್ದ ಕೂಸು ಯಾರ ಕಣ್ಣಿಗೂ ಬೀಳಲಿಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆಯ ವಿಮರ್ಶಕರಂತೂ 'ಲಿಟಲ್ ಗ್ರೀನ್' ಸಾಹಿತ್ಯ ಯಾರಿಗೂ ಅರ್ಥವಾಗದಷ್ಟು ಒಗಟಾಗಿದೆ ಅಂತ ಬರೆದುಬಿಟ್ಟರು.

ಒಗಟಾ? ಮನೆಗೆ ಬಂದು ಆಯಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಹುಟ್ಟುವಾಗ ಚಂದ್ರ ಕರ್ಕ ರಾಶಿಯಲ್ಲಿದ್ದ, ಕರೆದರೆ ಓಗೊಡುವಂಥ ಹೆಸರಿಡಿ, ಹಸಿರು ಅಂತ ಕರೆಯಿರಿ, ಚಳಿಗಾಲ ಅವಳನ್ನು ಬಾಡಿಸಲ್ಲ. (ನಾನು ಬರೆದಿದ್ದರೆ ಬೇಸಿಗೆ ಅಂತಿದ್ದೆ, ಈ ಊರಲ್ಲಿ ಹಸಿರು ಒಣಗೋದು ಚಳಿಗಲ್ಲ.) ಆಮೇಲೆ ಅಪ್ಪ ಕ್ಯಾಲಿಫೋರ್ನಿಯಾಕ್ಕೆ ಹೋದ, ನೀನು ಕಾಗದಗಳಿಗೆ ಸಹಿ ಹಾಕಿದೆ, ದುಃಖ ಇದೆ ಆದರೆ ನಾಚಿಕೆ ಇಲ್ಲ.

ಆಯಿ ಬೀಸುಕಲ್ಲಿನ ಪದ ಹಾಡುತ್ತಾ ಬೆಳೆದವಳು. ಅತ್ತೆಯ ಹೆಸರೆತ್ತದೆ ಅತ್ತೆಯನ್ನು ಬೈಯೋದು, ತನ್ನ ಸಂಕಟವನ್ನು ಇನ್ಯಾರದೋ ಅನ್ನೋ ಹಾಗೆ ಕಲ್ಲಿನ ಮುಂದೆ ತೋಡಿಕೊಳ್ಳೋದು ಅವಳಿಗೆ ಹೊಸದಲ್ಲ. ಥಟ್ಟನೆ ಕೇಳಿದಳು, "ರಾಶಿ ಹೇಳಿ ಹೆಸರಿಡ್ರಿ ಅಂತ ಮಂದೀಗೆ ಹೇಳ್ತಾಳಂದ್ರ ಕೂಸು ಆಕಿ ಉಡ್ಯಾಗ ಇಲ್ಲ. ತೀರಿಕೊಂಡಿತ್ತೇನು?"

ಇಲ್ಲ ಆಯಿ, ದತ್ತು ಕೊಟ್ಟುಬಿಟ್ಟಳು ಅಂದೆ. 1965ರಲ್ಲಿ ಹೆತ್ತಾಗ ಅವಳಿಗೆ 21. ಕೈಯಲ್ಲಿ ಕಾಸಿಲ್ಲ, ಮದುವೆ ಆಗಿಲ್ಲ, ತವರಿಗೆ ಹೇಳಿಲ್ಲ. ಮಗುವಿಗೆ ಅವಳಿಟ್ಟಿದ್ದ ಹೆಸರು ಇಂಗ್ಲಿಷಿನಲ್ಲಿ ಒಂದು ಬಗೆಯ ಹಸಿರಿಗೂ ಇದೆ. ಈಗ ಗೊತ್ತಾಯಿತಲ್ವಾ 'ಗ್ರೀನ್' ಯಾಕೆ ಅಂತ?

ನನ್ನನ್ನು ಹಿಡಿದಿದ್ದು ಮಾತ್ರ ಆ 'ನೀನು'. ಸಹಿ ಹಾಕಿದವಳು ತಾನೇ, ಆದರೆ 'ಹಾಕಿದೆನು' ಅನ್ನಲ್ಲ, ಎದುರಿಗೆ ಯಾರೋ ಕೂತಿರೋ ಹಾಗೆ 'ನೀನು ಹಾಕಿದೆ' ಅಂತಾಳೆ. ಮುಚ್ಚಿಟ್ಟಿದ್ದು ಈ ಒಂದು ಪದದಲ್ಲಿ, ಮಿಕ್ಕಿದ್ದೆಲ್ಲ ಬಯಲಲ್ಲೇ ಇತ್ತು. ಮುಂದೆ 1982ರ ಆಲ್ಬಮ್ಮಿನ ಒಂದು ಹಾಡಿನಲ್ಲಿ, ಹೆತ್ತೆ ಆದರೆ ಸಾಕಲು ಆಗಲಿಲ್ಲ ಅಂತ 'ನಾನು' ಬಳಸಿಯೇ ಹಾಡಿದಳು. ಆಗಲೂ ಸುದ್ದಿಯಾಗಲಿಲ್ಲ! 1993ರಲ್ಲಿ ಯಾರೋ ಹಳೇ ಪರಿಚಯದವರು ಈ ವಿಷಯವನ್ನು ಪತ್ರಿಕೆಗೆ ಮಾರಿಕೊಂಡ ಮೇಲೆಯೇ ಎಲ್ಲರಿಗೂ ಈ ಹಾಡು 'ಅರ್ಥ'ವಾಗಿದ್ದು.

"ಆಮ್ಯಾಲೆ ಸಿಕ್ತೇನು ಕೂಸು?" ಅಂದಳು ಆಯಿ.

ಸಿಕ್ಕಿತು, 1997ರಲ್ಲಿ. ಆಯಿ ಬೆರಳು ಮಡಚಿ ಎಣಿಸಿದಳು, ಮೂವತ್ತೆರಡು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಬಳೆ ಪೊಟ್ಟಣ ಬಿಚ್ಚಿ, ಅಕ್ಕನ ಕೈಗೆ ಇವು ಸಣ್ಣವಾದವು, ಹೋಗಿ ಬದಲಿಸಿಕೊಂಡು ಬಾ ಅಂದಳು.