ಸಂಬಂಧ ಕುದುರಿಸುವ ಎಮ್ಮಾ

ಓದುಗ ಬಳಗದ ಗೆಳೆಯರೆ,

ಈ ಸಲ ನಾವು ಓದಿರುವ ಜೇನ್ ಆಸ್ಟಿನ್ ಅವರ ‘ಎಮ್ಮಾ’ 1815ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಪ್ರೇಮಕಥೆಯೆಂದು ಇದನ್ನು ಓದಿ ಮುಗಿಸಿದವರಿಗೆ ನನ್ನ ತಕರಾರಿದೆ. ಸಂಬಂಧ ಕುದುರಿಸುವ ನೆಪದಲ್ಲಿ ಇನ್ನೊಬ್ಬರ ಬದುಕಿನ ಮೇಲೆ ಯಜಮಾನಿಕೆ ನಡೆಸುವುದು ಎಷ್ಟು ಸಲೀಸು ಎಂಬುದೇ ಈ ಕಾದಂಬರಿಯ ವಸ್ತು ಎಂದು ನಾನು ತಿಳಿದಿದ್ದೇನೆ.

ಎಮ್ಮಾಳಿಗೆ ಇನ್ನೇನು ಇಪ್ಪತ್ತೊಂದು ತುಂಬಬೇಕು. ಅವಳ ಪಾಲಿಗೆ 30,000 ಪೌಂಡುಗಳಿವೆ. ಅವಳ ಊರಾದ ಹೈಬರಿಯಲ್ಲಿ ಅವಳ ಮನೆತನದ ಮುಂದೆ ಎಲ್ಲರೂ ಒಂದು ಮೆಟ್ಟಿಲು ಕೆಳಗೇ. ತನಗೆ ಮದುವೆ ಬೇಡ ಎನ್ನುತ್ತಾಳೆ. ಒಂಟಿ ಹೆಂಗಸು ನಗೆಪಾಟಲಾಗುವುದು ಬಡವಳಾಗಿದ್ದರೆ ಮಾತ್ರ ಎಂಬ ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ತನಗೆ ಬೇಡದ ಮದುವೆಯನ್ನು ಊರಿನವರಿಗೆ ಮಾಡಿಸಲು ಹೊರಟಾಗ ಕೈಗೆ ಸಿಕ್ಕವಳು ಹ್ಯಾರಿಯೆಟ್ ಸ್ಮಿತ್: ಹದಿನೇಳರ ಹುಡುಗಿ, ಅಪ್ಪ ಯಾರೆಂದು ತಿಳಿಯದು, ಶಾಲೆಯಲ್ಲೇ ವಾಸ.

ಅವಳನ್ನು ಮೆಚ್ಚಿದ ರಾಬರ್ಟ್ ಮಾರ್ಟಿನ್ ಎಂಬ ಗೇಣಿದಾರ ಮದುವೆಯಾಗೋಣವೆಂದು ಪತ್ರ ಬರೆಯುತ್ತಾನೆ. ಆ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಪತ್ರ ಎಷ್ಟು ಚೆನ್ನಾಗಿದೆಯೆಂದರೆ, ಅಕ್ಕತಂಗಿಯರು ಯಾರಾದರೂ ಬರೆದುಕೊಟ್ಟಿರಬೇಕು ಎಂದು ಎಮ್ಮಾ ಮೊದಲು ಅನುಮಾನಪಡುತ್ತಾಳೆ. ಅವನು ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಿನ್ನ ಇಷ್ಟ ಎನ್ನುತ್ತಲೇ, ನೋವಾಗದ ಹಾಗೆ ನಿರಾಕರಿಸುವುದು ನಿನಗೆ ತಿಳಿದೇ ಇದೆ ಎಂಬಂತೆ ಮಾತು ಮುಂದುವರಿಸುತ್ತಾಳೆ. ಪಾಪದ ಹುಡುಗಿ ಒಲ್ಲೆನೆಂದ ಮೇಲಷ್ಟೇ ಬೆದರಿಕೆ ಹೊರಬರುತ್ತದೆ: ಅವನನ್ನು ಮದುವೆಯಾಗಿದ್ದರೆ ನಾನು ನಿನ್ನ ಮನೆಗೆ ಬರುವಂತಿರಲಿಲ್ಲ! ಆಮೇಲೆ ಉತ್ತರದ ಒಂದೊಂದು ವಾಕ್ಯಕ್ಕೂ ಎಮ್ಮಾಳೇ ನೆರವಾಗುತ್ತಾಳೆ. ಇಷ್ಟು ನಯವಾದ ಬಲಾತ್ಕಾರವನ್ನು ನಾನು ಬೇರೆ ಕಾದಂಬರಿಗಳಲ್ಲಿ ಕಂಡಿದ್ದು ಕಡಿಮೆ.

ಇದಕ್ಕೂ ಮೊದಲೇ ಅವಳು ಇನ್ನೊಂದು ಮಾತು ಆಡಿದ್ದಾಳೆ. ಮಾರ್ಟಿನ್ ಇನ್ನೂ ಒಂದೆರಡು ಮೆಟ್ಟಿಲು ಕೆಳಗಿದ್ದಿದ್ದರೆ ಅವನ ಕುಟುಂಬಕ್ಕೆ ಉಪಕಾರ ಮಾಡಬಹುದಿತ್ತಂತೆ. ತನ್ನ ಸಹಾಯ ಬೇಕಿಲ್ಲದ ರೈತನ ಜತೆ ತನಗೇನು ಕೆಲಸ? ಬಡವರನ್ನು ಅವಳು ದ್ವೇಷಿಸುವುದಿಲ್ಲ, ಮನಸಾರೆ ನೆರವಾಗುತ್ತಾಳೆ. ಕೈಚಾಚದವನನ್ನು ಕಂಡರೆ ಮಾತ್ರ ಅವನನ್ನು ಎಲ್ಲಿಡಬೇಕೆಂದು ತೋಚುವುದಿಲ್ಲ.

ಅವಳು ಹ್ಯಾರಿಯೆಟ್‌ಗಾಗಿ ಗೊತ್ತುಮಾಡಿದ್ದ ಪಾದ್ರಿ ಎಲ್ಟನ್, ಗಾಡಿಯಲ್ಲಿ ಎಮ್ಮಾಳ ಕೈಯನ್ನೇ ಹಿಡಿದು ಪ್ರೇಮ ನಿವೇದಿಸುತ್ತಾನೆ. ಆ ಹುಡುಗಿಯನ್ನು ತನಗೆ ಜೋಡಿಸಿದ್ದಕ್ಕೆ ಅವನಿಗೆ ಅವಮಾನ. ಇವನು ನನಗೆ ಸಮನೆಂದುಕೊಂಡನಲ್ಲ ಎಂದು ಇವಳಿಗೆ ಅವಮಾನ. ಇಬ್ಬರ ಕೈಯಲ್ಲೂ ಒಂದೇ ತಕ್ಕಡಿ. ಅವನು ಬೇಗನೆ ಬ್ರಿಸ್ಟಲ್‌ನಿಂದ ಹತ್ತು ಸಾವಿರ ಪೌಂಡಿನಷ್ಟು ಆಸ್ತಿಯ ಹೆಂಡತಿಯನ್ನು ತರುತ್ತಾನೆ. ಅತ್ತ ಅದೇ ಊರಿಗೆ ಬಂದಿರುವ ಜೇನ್ ಫೇರ್‌ಫ್ಯಾಕ್ಸ್‌ಗೆ ಎಮ್ಮಾಳನ್ನು ಮೀರಿಸುವ ಪ್ರತಿಭೆಯಿದೆ, ಹಣವಿಲ್ಲ; ಮನೆಪಾಠದ ಕೆಲಸ ಹುಡುಕುವುದನ್ನು ಅವಳು ಗುಲಾಮರ ವ್ಯಾಪಾರದ ಪಕ್ಕದಲ್ಲಿಟ್ಟು ಮಾತಾಡುತ್ತಾಳೆ.

ಬಾಕ್ಸ್ ಹಿಲ್ ಗುಡ್ಡದ ವಿಹಾರದ ಪ್ರಸಂಗದ ಬಗ್ಗೆ ನೀವೆಲ್ಲ ಮಾತಾಡುತ್ತೀರೆಂದು ಗೊತ್ತು, ಅದಕ್ಕೇ ನಾನು ಚುಟುಕಾಗಿ ಹೇಳುತ್ತೇನೆ. ಊರಿನ ಮದುವೆಯಾಗದ ಹೆಂಗಸು ಮಿಸ್ ಬೇಟ್ಸ್‌ಳನ್ನು ಎಮ್ಮಾ ಎಲ್ಲರೆದುರು ಗೇಲಿ ಮಾಡುತ್ತಾಳೆ, ಎಮ್ಮಾಳ ಮನೆಯ ಹಳೆಯ ಗೆಳೆಯ, ಜಮೀನ್ದಾರ ನೈಟ್ಲಿ ಗದರಿಸುತ್ತಾನೆ. ಅವನ ವಾದ ಗಮನಿಸಿ: ಆಕೆ ಅನುಕೂಲಸ್ಥೆಯಾಗಿದ್ದರೆ ಇದನ್ನು ದೊಡ್ಡದು ಮಾಡುತ್ತಿರಲಿಲ್ಲ, ಆದರೆ ಆಕೆ ಬಡವಿ, ಹುಟ್ಟಿದ ಅಂತಸ್ತಿನಿಂದ ಇಳಿದುಹೋದವಳು. ಮೇಲಿರುವವರಿಗೆ ಹೊಣೆಯಿದೆ ಎನ್ನುವ ನೈಟ್ಲಿ, ಮೇಲು ಕೆಳಗು ಯಾಕಿರಬೇಕು ಎಂದು ಕೇಳುವವನಲ್ಲ.

ಕೊನೆಗೆ ಹ್ಯಾರಿಯೆಟ್ ಮಾರ್ಟಿನ್‌ನನ್ನೇ ವರಿಸುತ್ತಾಳೆ. ಅವಳಪ್ಪ ಒಬ್ಬ ಸ್ಥಿತಿವಂತ ವ್ಯಾಪಾರಿ ಎಂದು ಬಯಲಾಗುತ್ತದೆ. ಇಷ್ಟು ಹೊತ್ತು ಎಮ್ಮಾಳ ದುರಹಂಕಾರಕ್ಕೆ ನಗುತ್ತಿದ್ದ ಕಥನ ಇಲ್ಲಿ ತುಸು ತಣ್ಣಗಾಗುತ್ತದೆ. ಮಾರ್ಟಿನ್ ಮನೆಯ ಓಡಾಟದಲ್ಲಿ ಹ್ಯಾರಿಯೆಟ್ ಎಮ್ಮಾಳ ಮನೆಯಾದ ಹಾರ್ಟ್‌ಫೀಲ್ಡಿಗೆ ಬರುವುದು ಕಡಿಮೆಯಾಯಿತು, ಅದಕ್ಕೆ ವಿಷಾದಪಡಬೇಕಾದ್ದೇನೂ ಇರಲಿಲ್ಲ ಎನ್ನುತ್ತದೆ. ಹೀಗೆ ಅನ್ನುತ್ತಿರುವವರು ಎಮ್ಮಾಳೋ, ಲೇಖಕಿಯೋ? ಇಬ್ಬರ ದನಿ ಬೆರೆಸಿಬಿಡುವುದು ಆಸ್ಟಿನ್ ಅವರ ಕಸುಬು. ಇಲ್ಲಿ ಮಾತ್ರ ಲೇಖಕಿಯೂ ತಲೆಯಾಡಿಸುತ್ತಿದ್ದಾರೆ ಎಂದೇ ನನ್ನ ಗುಮಾನಿ. ಒಪ್ಪದವರು ಈಗ ಮಾತು ಶುರುಮಾಡಿ.